ಕೇಳಿದ ಮೇಲೆ ವಿಸಿಲ್ ಊದುವವರು

ಸುಳ್ಯದ ಕಾಲೇಜಿನಲ್ಲಿ ಈಗ ಆಟ ಕಲಿಸುವ ಟೀಚರ್ ಒಬ್ಬರು ಕಳೆದ ತಿಂಗಳು ನನಗೆ ಫೋನ್ ಮಾಡಿದರು. ಸಣ್ಣ ಪ್ರಾಯ, ಚುರುಕು ಮಾತು. ನಮ್ಮ ಎರಡು ಕಾಲೇಜುಗಳ ನಡುವೆ ನಡೆಯುತ್ತಿದ್ದು ನಿಂತುಹೋಗಿರುವ ಫುಟ್ಬಾಲಿನ ಉರುಳಿ ಪಂದ್ಯವನ್ನು ಈ ವರ್ಷ ಮತ್ತೆ ಸುರು ಮಾಡುತ್ತಾರಂತೆ, ತೀರಿಹೋದ ಹಳೆಯ ಮಾಸ್ಟ್ರ ನೆನಪಿಗೆ.

"ಅಜ್ಜ, ಸ್ಮರಣ ಸಂಚಿಕೆಗೆ ಪಂದ್ಯದ ಇತಿಹಾಸ ನೀವೇ ಬರೆದುಕೊಡ್ಬೇಕು. ಸುರುವಿನಿಂದ ನೋಡಿದವರು ಅಂತ ಇರುದು ನೀವೊಬ್ಬರೇ."

"ನಾನು ಪುತ್ತೂರಿನಲ್ಲಿ ಅಟೆಂಡರ್ ಆಗಿದ್ದವ ಮಗಾ. ಓದಿದ್ದು ಎಸ್ಸೆಸ್ಸೆಲ್ಸಿ."

"ಇತಿಹಾಸಕ್ಕೆ ಅಷ್ಟು ಸಾಕು ಅಜ್ಜ," ಎಂದು ನಕ್ಕು ಫೋನ್ ಇಟ್ಟರು.

ಅವತ್ತಿನಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಎರಡು ಸಾಲು ಬರೆದರೆ ಎದ್ದು ಅಂಗಳಕ್ಕೆ ಹೋಗಬೇಕು ಅನಿಸುತ್ತದೆ. ಅಂಗಳದಲ್ಲಿ ನಿಂತರೆ ಒಳಗೆ ಕಾಗದ ಕಾಯುತ್ತಿದೆ ಅನಿಸುತ್ತದೆ. "ಎಂತ ಇದು, ಕೋಳಿ ಹಾಗೆ ಒಳಗೆ ಹೊರಗೆ!" ಎಂದು ಹೆಂಡತಿ ಬೈಯುತ್ತಾಳೆ. ಯಾವ ಕಡೆಯಿಂದ ಸುರು ಮಾಡಿದರೂ ಈ ಪಂದ್ಯದ ಇತಿಹಾಸ ಒಬ್ಬರ ಹತ್ತಿರ ಬಂದು ನಿಲ್ಲುತ್ತದೆ. ಹಾಗಾಗಿ ಅವರ ಬಗ್ಗೆಯೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಹೆಸರನ್ನು ನೀವು ಪಂದ್ಯಕ್ಕೆ ಇಡುತ್ತೀರಿ ಟೀಚರ್, ಬ್ಯಾನರಿನಲ್ಲಿ ಹಾಕುತ್ತೀರಿ. ನಾನು ಮಾಡಿದ ಕೆಲಸದ ಪಕ್ಕದಲ್ಲಿ ಅದು ಬರುವುದು ಬೇಡ.

ಅವರು ಅಜ್ಜಾವರದವರು. ಮನೆಯಲ್ಲಿ ಅರೆಭಾಷೆ, ಕಾಲೇಜಿನಲ್ಲಿ ಕನ್ನಡ, ನನ್ನ ಹತ್ತಿರ ತುಳು. ಎತ್ತರದ ಆಳು, ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು, ಎದುರಿನವರ ಮಾತು ಕೇಳಲಿಕ್ಕೆ ಈಗಲೇ ತಯಾರಾದವರ ಹಾಗೆ. ಸುಳ್ಯದ ಕಾಲೇಜಿಗೆ ಆಟದ ಮಾಸ್ಟ್ರಾಗಿ ಸೇರಿದ ಹೊಸತರಲ್ಲಿ, ನಮ್ಮ ಪುತ್ತೂರಿನ ಕಾಲೇಜಿನಲ್ಲಿ ಅದೇ ಕೆಲಸದಲ್ಲಿದ್ದ ತನ್ನ ಸ್ನೇಹಿತರ ಜೊತೆ ಮಾತಾಡಿ ವರ್ಷಕ್ಕೊಂದು ಫುಟ್ಬಾಲ್ ಪಂದ್ಯ ಎಂದು ನಿಶ್ಚಯ ಮಾಡಿದರು. ಆಗಸ್ಟ್ ನಡುವಿಗೆ ಆಟಿ ತಿಂಗಳು ಕಳೆದ ಮೇಲಿನ ಮೊದಲ ಶನಿವಾರ. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಮೈದಾನ ಗದ್ದೆಯ ಹಾಗೆ ಇರುತ್ತದೆ. "ಬಿದ್ರೆ ಪೆಟ್ಟಾಗುದಿಲ್ಲ, ಅದೇ ಒಳ್ಳೆದು," ಎನ್ನುತ್ತಿದ್ದರು.

ಮೊದಲ ವರ್ಷ ಮಂಗಳೂರಿನಿಂದ ಬರಬೇಕಾಗಿದ್ದ ಬಹುಮಾನದ ಕಪ್ಪು ಬರಲಿಲ್ಲ. ಆಟ ಮುಗಿದಿತ್ತು, ಗೆದ್ದ ಹುಡುಗರು ಬರಿಗೈಯಲ್ಲಿ ನಡುಗುತ್ತಾ ನಿಂತಿದ್ದರು. ಎಲ್ಲರಿಗೂ ಕೊಡಲೆಂದು ಹೆಸರುಬೇಳೆ ಪಾಯಸ ಕಾಸಿದ್ದರು, ಅಜ್ಜಾವರದ ಅವರ ಮನೆಯಿಂದಲೇ ತಂದ ಕಂಚಿನ ಉರುಳಿಯಲ್ಲಿ. ಅಗಲ ಬಾಯಿಯ, ಎರಡು ಕಿವಿಯ, ಇಬ್ಬರು ಹಿಡಿದು ಎತ್ತಬೇಕಾದ ಪಾತ್ರೆ. ಮಾಸ್ಟ್ರು ಅದನ್ನು ನೋಡಿದರು, ಹುಡುಗರನ್ನು ನೋಡಿದರು.

"ಪಾಯಸ ಖಾಲಿಯಾದ ಮೇಲೆ ಇದನ್ನೇ ಎತ್ತಿಕೊಂಡು ಹೋಗಿ ಮಾರಾಯ್ರೆ. ಕಪ್ಪಿಗಿಂತ ಭಾರ ಉಂಟು."

"ಸೋತವರಿಗೆ ಎಂತ ಸಾರ್?" ಎಂದು ಯಾರೋ ಕೇಳಿದರು.

"ಸೋತವರಿಗೆ ಸೌಟು. ಬಳಸ್ಲಿ."

ಪದ್ಧತಿ ಹಾಗೆ ಹುಟ್ಟಿತು. ಸೋತವರು ಸೌಟು ಹಿಡಿದು ಗೆದ್ದವರ ಲೋಟಕ್ಕೆ ಪಾಯಸ ಬಳಸಬೇಕು, ನಾಯಕನಿಂದಲೇ ಸುರು. ಉರುಳಿ ಗೆದ್ದವರ ಕಾಲೇಜಿಗೆ ಹೋಗುತ್ತದೆ. ಪಂದ್ಯ ಸಮವಾದರೆ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯುತ್ತದೆ. ಆಟದ ದಿನ ಬಸ್ಸಿನಿಂದ ಇಳಿಯುವಾಗಲೇ ಸುಳ್ಯದ ಹುಡುಗರು "ಪುತ್ತೂರಿನವರೇ, ಸೌಟು ತೊಳೆದಿಟ್ಟಿದ್ದೀರಾ?" ಎಂದು ಕೂಗುತ್ತಿದ್ದರು. ನಮ್ಮವರು, "ನಿಮಗೇ ಬೇಕಾಗ್ತದೆ, ತೊಳೆಯುದೂ ನೀವೇ!" ಎನ್ನುತ್ತಿದ್ದರು. ಒಂದು ಸಲ ಉರುಳಿ ಬಸ್ಸಿನ ಟಾಪಿನಿಂದ ಬಿದ್ದು ಒಂದು ಕಿವಿ ಮುರಿಯಿತು. ಅದನ್ನು ಸರಿ ಮಾಡಿಸಬೇಕೆಂದು ಯಾರಿಗೂ ಅನಿಸಲಿಲ್ಲ.

ಇನ್ನೊಂದು ಪದ್ಧತಿ. ವಿಸಿಲ್ ಊದುವುದು ಬಂದ ಕಡೆಯ ಮಾಸ್ಟ್ರು. ಪಂದ್ಯ ಪುತ್ತೂರಿನಲ್ಲಾದರೆ ಸುಳ್ಯದವರು, ಸುಳ್ಯದಲ್ಲಾದರೆ ನಮ್ಮವರು. ಊಟಕ್ಕೆ ಬಂದ ನೆಂಟರು ಎಲೆಗೆ ಮೋಸ ಮಾಡುವುದಿಲ್ಲವಲ್ಲ, ಅಷ್ಟೇ ಅದರ ಲೆಕ್ಕ ಎಂದು ಅವರು ಹೇಳುತ್ತಿದ್ದರು.

ಅವರ ವಿಸಿಲಿನ ವಿಷಯ ಹೇಳಲೇಬೇಕು. ಅವರು ನೋಡಿ ಊದುವವರಲ್ಲ, ಕೇಳಿ ಊದುವವರು. ಚೆಂಡು ಕೈಗೆ ತಾಗಿತೋ ಇಲ್ಲವೋ ಎಂದು ಸಂಶಯ ಬಂದರೆ ಹುಡುಗನ ಹತ್ತಿರ ಹೋಗಿ, ಸ್ವಲ್ಪ ಬಾಗಿ, "ತಾಗಿತಾ?" ಎಂದು ಕೇಳುವುದು. ಇಲ್ಲ ಎಂದರೆ ಇಲ್ಲ, ಆಟ ಮುಂದಕ್ಕೆ. ಹೌದು ಎಂದರೆ, "ಆಯ್ತು" ಎಂದು ಹುಡುಗನ ಭುಜ ತಟ್ಟಿ ವಿಸಿಲ್ ಊದುವುದು. ನೋಡಲಿಕ್ಕೆ ಬಂದವರು ನಗುತ್ತಿದ್ದರು. "ಕಳ್ಳನ ಹತ್ರವೇ ಕೇಳಿದ್ರೆ ಹೇಳ್ತಾನಾ ಮಾಸ್ಟ್ರೇ?" ಎಂದು ನಾನೂ ಒಮ್ಮೆ ಕೇಳಿದ್ದೆ.

"ಕೇಳಿ ನೋಡಿ ಬಾಬಣ್ಣ. ಕೇಳದಿದ್ರೆ ಅವ ಕಳ್ಳನೇ ಆಗಿ ಉಳೀತಾನೆ."

ವಿಚಿತ್ರ ಎಂದರೆ ಹುಡುಗರು ಹೇಳುತ್ತಿದ್ದರು. ಅವರು ಬಾಗಿ ಕೇಳುವಾಗ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ನಮ್ಮ ಕಡೆಯ ಒಬ್ಬ, ಯಾರೂ ನೋಡದ್ದನ್ನು ತಾನೇ ಓಡಿಹೋಗಿ ಹೇಳಿ ಬಂದು, ಜೊತೆಯವರಿಂದ ಬೈಗುಳ ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮೈದಾನದಲ್ಲಿ ಅವರು ಕೇಳಿದಾಗ ಸುಳ್ಳು ಹೇಳಿದವನು ನನಗೆ ಗೊತ್ತಿರುವ ಹಾಗೆ ಒಬ್ಬನೇ.

ಇಲ್ಲಿ ಪೆನ್ನು ಇಟ್ಟು ಎದ್ದಿದ್ದೆ. ಗೇಟಿನವರೆಗೆ ಹೋಗಿ ಬಂದೆ.

ಆ ವರ್ಷ ಪಂದ್ಯ ಪುತ್ತೂರಿನಲ್ಲಿ. ಹಿಂದಿನ ವರ್ಷ ಸುಳ್ಯ ಗೆದ್ದಿತ್ತು, ಉರುಳಿ ಅವರಲ್ಲಿತ್ತು. ಗೋಲಿಗೆ ಬಲೆ ಕಟ್ಟುವುದು ನನ್ನ ಕೆಲಸ. ಮಂಗಳೂರಿನ ಬಂದರಿನಿಂದ ತಂದ ಮೀನು ಬಲೆ ಅದು. ಎರಡು ದಿನ ಮೊದಲೇ ಕಟ್ಟಿಟ್ಟದ್ದಕ್ಕೆ ಯಾರದೋ ದನ ಬಂದು ಕೊಂಬು ಸಿಕ್ಕಿಸಿಕೊಂಡು, ಎಡಗಡೆ ಕಂಬದ ಬುಡದಲ್ಲಿ ಚೆಂಡು ಹೋಗುವಷ್ಟು ತೂತು ಮಾಡಿತ್ತು. ಬೆಳಿಗ್ಗೆ ಕಟ್ಟಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅತಿಥಿಗಳಿಗೆ ಕುರ್ಚಿ ಹಾಕು, ಶಾಮಿಯಾನಕ್ಕೆ ಹಗ್ಗ ಎಳೆ ಎಂದು ಪ್ರಿನ್ಸಿಪಾಲರು ಓಡಾಡಿಸಿದರು. ಮರೆತೆ.

ಮಾಸ್ಟ್ರು ಬಂದವರೇ ಯಾವಾಗಲೂ ಮಾಡುವ ಹಾಗೆ ಬರಿಗಾಲಲ್ಲಿ ಮೈದಾನ ಸುತ್ತಿದರು. ಕಲ್ಲು, ಮುಳ್ಳು ಸಿಕ್ಕಿದರೆ ಹೆಕ್ಕಿ ಅಂಗಿಯ ಕಿಸೆಗೆ ಹಾಕುವುದು ಅವರ ಕ್ರಮ. ಆಮೇಲೆ ಬಲೆಯ ಒಂದೊಂದು ಗಂಟನ್ನೂ ಕೈಯಿಂದ ಎಳೆದು ನೋಡುತ್ತಿದ್ದರು. ಅವತ್ತು ಒಂದು ಗೋಲು ನೋಡಿ ಆಗುವಾಗ ಪ್ರಿನ್ಸಿಪಾಲರು ಅವರನ್ನು ಚಾಕ್ಕೆ ಕರೆದರು. ನಾನು ಪ್ರಿನ್ಸಿಪಾಲರ ಪಕ್ಕದಲ್ಲೇ ಕುರ್ಚಿ ಹಿಡಿದುಕೊಂಡು ನಿಂತಿದ್ದೆ.

"ಆ ಕಡೆಯದ್ದು ಕಟ್ಟಿ ಆಗಿದೆಯಾ ಬಾಬಣ್ಣ?"

"ಆಗಿದೆ ಮಾಸ್ಟ್ರೇ. ಗಟ್ಟಿ ಉಂಟು."

ಪ್ರಿನ್ಸಿಪಾಲರ ಎದುರು ಮರೆತೆ ಎನ್ನಲು ಆಗಲಿಲ್ಲ, ಅಷ್ಟೇ. ಅವರು ಚಾ ಕುಡಿಯುವಾಗ ಹೋಗಿ ಕಟ್ಟಿಬಿಡುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮೈಕಿನ ವಯರು ಕಿತ್ತುಬಂತು.

ಆಟ ಸುರುವಾಯಿತು, ಮಳೆಯೂ ಬಂತು. ನಮ್ಮವರು ಒಂದು ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಸುಳ್ಯದವರು ಹೊಡೆಯಬೇಕಾದ ಗೋಲು ಆ ತೂತಿನ ಗೋಲು. ಚೆಂಡು ಹೆಕ್ಕಿಕೊಡಲಿಕ್ಕೆ ನಾನು ಅದರ ಹಿಂದೆಯೇ ನಿಂತಿದ್ದೆ. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಕಾಯುತ್ತಿದ್ದೆ.

ಸುಳ್ಯದ ನಾಯಕ ಜೋಸ್. ನೆಲ್ಯಾಡಿಯ ಹುಡುಗ, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವನು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಉಳಿದವರೆಲ್ಲ ಮಾಸ್ಟ್ರನ್ನು ಸಾರ್ ಎಂದರೆ ಅವನೊಬ್ಬ "ಸಾರೇ" ಎಂದು ರಾಗ ಎಳೆಯುತ್ತಿದ್ದ. ಮಾಸ್ಟ್ರಿಗೆ ಅವನೆಂದರೆ ಜೀವ, ಅದು ಎರಡೂ ಕಾಲೇಜಿಗೆ ಗೊತ್ತಿತ್ತು. ಆಟ ಮುಗಿಯಲಿಕ್ಕೆ ಬಂದಾಗ ಅವನು ಕೆಸರಿನಲ್ಲಿ ಜಾರುತ್ತಲೇ ಹೊಡೆದ. ಚೆಂಡು ನೆಲ ಹಿಡಿದು ಬಂತು, ಎಡ ಕಂಬದ ಒಳಗಿನಿಂದ. ಸರಿಯಾಗಿ ತೂತಿನಿಂದ ಹೊರಟು, ನನ್ನ ಕಾಲಿಗೆ ತಾಗಿಕೊಂಡು, ಹಿಂದಿನ ನೀರಿನ ತೋಡಿಗೆ ಬಿತ್ತು.

ಜೋಸ್ ಎರಡೂ ಕೈ ಎತ್ತಿ ಕುಣಿದ. ನಮ್ಮ ಗೋಲ್‌ಕೀಪರನ ಮುಖ ಕೆಸರಿನಲ್ಲಿತ್ತು. ಮಾಸ್ಟ್ರು ಮೈದಾನದ ನಡುವೆ ಜಾರಿ ಬಿದ್ದವರು ಆಗಷ್ಟೇ ಏಳುತ್ತಿದ್ದರು. ಸುಳ್ಯದವರು "ಗೋಲ್!" ಎಂದರು, ಪುತ್ತೂರಿನವರು "ಔಟ್!" ಎಂದರು. ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಆ ಗಲಾಟೆಯಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂತೆ. ಕಿಸೆಯಲ್ಲಿ ಬೆಳಿಗ್ಗೆಯ ಹುರಿಹಗ್ಗ ಇತ್ತು. ತೂತನ್ನು ಎಳೆದು ಕಂಬಕ್ಕೆ ಸುತ್ತಿ ಗಂಟು ಹಾಕಿದೆ. ನನ್ನ ಬೆರಳು ಅಷ್ಟು ಬೇಗ ಕೆಲಸ ಮಾಡಿದ್ದು ಆಮೇಲೆ ಎಂದೂ ಇಲ್ಲ.

ಮಾಸ್ಟ್ರು ಬಂದರು. ಮೊದಲು ನಮ್ಮ ಗೋಲ್‌ಕೀಪರನನ್ನು ಕೇಳಿದರು.

"ನನ್ನ ಕಣ್ಣಲ್ಲಿ ಕೆಸರು ಸಾರ್. ಕಾಣ್ಲಿಲ್ಲ," ಎಂದ ಅವನು. ಸತ್ಯ.

ಜೋಸನ್ನು ಕೇಳಿದರು. "ಒಳಗೆ ಹೋಯ್ತು ಸಾರೇ. ಬಲೆಯಲ್ಲಿ ತೂತುಂಟು, ಅದರಿಂದ ಹೋಯ್ತು."

ಆಮೇಲೆ ನನ್ನ ಹತ್ತಿರ ಬಂದು ಬಾಗಿದರು. ಮೂಗಿನ ತುದಿಯಿಂದ ಮಳೆನೀರು ಇಳಿಯುತ್ತಿತ್ತು. "ಬಾಬಣ್ಣ, ನೀವು ನೋಡಿದ್ದಲ್ವಾ. ಹೇಗೆ ಹೋಯ್ತು?"

"ಕಂಬದ ಹೊರಗಿಂದ ಮಾಸ್ಟ್ರೇ."

ಅವರು ಬಲೆಗೆ ಕೈ ಹಾಕಿ ಎಳೆದರು. ಬುಡದಲ್ಲಿ ಎಳೆದರು, ಮೇಲೆ ಎಳೆದರು. ಗಟ್ಟಿ ಇತ್ತು. ಜೋಸಿನ ಮುಖವನ್ನು ಒಮ್ಮೆ ನೋಡಿದರು. ಮತ್ತೆ ನನ್ನನ್ನು ನೋಡಿದರು. ಆಮೇಲೆ ಗೋಲು ಇಲ್ಲ ಎಂದು ಕೈಯಾಡಿಸಿದರು.

ಆಗ ಜೋಸ್ ಮಾಸ್ಟ್ರಿಗೆ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. "ಪುತ್ತೂರಲ್ಲಿ ಕೆಲಸ ಬೇಕಲ್ಲ ನಿಮಗೆ! ಅದಕ್ಕೆ ನಮ್ಮನ್ನು ಮಾರಿದ್ರಿ ಅಲ್ವಾ?"

ಆ ಮಾತು ಎಲ್ಲಿಂದ ಬಂತು ಎಂದು ಹೇಳಬೇಕು. ಮಾಸ್ಟ್ರ ಹೆಂಡತಿ ಪುತ್ತೂರಿನ ಆಸ್ಪತ್ರೆಯಲ್ಲಿ ನರ್ಸು. ಇಲ್ಲಿನವರಿಗೆಲ್ಲ ಅವರು ಸಿಸ್ಟರ್. ಮದುವೆಯಾದಾಗಿನಿಂದ ಅವರು ಇಲ್ಲಿ ಬಾಡಿಗೆ ಮನೆಯಲ್ಲಿ, ಇವರು ಅಲ್ಲಿ. ನಮ್ಮ ಕಾಲೇಜಿನ ಮಾಸ್ಟ್ರು ಆ ವರ್ಷ ಬೇರೆ ಊರಿಗೆ ಹೋಗುವವರಿದ್ದರು, ಆ ಜಾಗಕ್ಕೆ ಇವರು ಅರ್ಜಿ ಹಾಕಿದ್ದರು. ಗಂಡ ಹೆಂಡತಿ ಒಂದು ಕಡೆ ಇರಲಿಕ್ಕೆ. ಅದರಲ್ಲಿ ಗುಟ್ಟು ಏನೂ ಇರಲಿಲ್ಲ.

ಮಾಸ್ಟ್ರು ವಿಸಿಲ್ ಬಾಯಿಯಲ್ಲಿಟ್ಟುಕೊಂಡೇ ನಿಂತರು. ಊದಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ನಾವು ಗೆದ್ದೆವು. ಪಾಯಸ ಬಳಸಬೇಕಾದ ಜೋಸ್ ಹೋಗಿ ಬಸ್ಸಿನಲ್ಲಿ ಕೂತ, ಅವನ ಹಿಂದೆ ಉಳಿದವರೂ ಹೋದರು. ಮಾಸ್ಟ್ರು ತಾನೇ ಸೌಟು ಹಿಡಿದರು. ನಮ್ಮ ಹುಡುಗರಿಗೆ ಒಬ್ಬೊಬ್ಬರಿಗೆ ಬಳಸಿ, ದೂರ ನಿಂತಿದ್ದ ನನ್ನನ್ನು ಕರೆದರು.

"ಬನ್ನಿ ಬಾಬಣ್ಣ. ಮಳೆಯಲ್ಲಿ ನೆನೆದು ಚಂಡಿ ಆಗಿದ್ದೀರಿ. ಬಿಸಿ ಉಂಟು."

ಲೋಟ ತುಂಬಿಸಿದರು. ಕುಡಿದು ಮುಗಿಸುವಾಗ ಇನ್ನೊಂದು ಸೌಟು ಹಾಕಿದರು. ಅದನ್ನೂ ಕುಡಿದೆ. ಅವತ್ತಿನಿಂದ ನಾನು ಪಾಯಸ ಮುಟ್ಟಿಲ್ಲ. ಸಕ್ಕರೆ ಕಾಯಿಲೆ ಬಂದದ್ದು ಬಹಳ ವರ್ಷ ಕಳೆದು, ನೆವ ಮಾತ್ರ ಅದಕ್ಕಿಂತ ಮೊದಲೇ ಹುಡುಕಿಕೊಂಡಿದ್ದೆ.

ಮರುವರ್ಷ ಸುಳ್ಯದ ಹುಡುಗರು ಆಡುವುದಿಲ್ಲ ಎಂದರು. ಅದರ ಮರುವರ್ಷ ಯಾರೂ ಕೇಳಲಿಲ್ಲ. ಪಂದ್ಯ ಯಾಕೆ ನಿಂತಿತು ಎಂದು ನೀವು ಕೇಳಿದ್ದೀರಿ ಟೀಚರ್. ಪರೀಕ್ಷೆಯ ದಿನ ಬದಲಾದ್ದರಿಂದ ಎಂದು ನಿಮ್ಮ ಹಿರಿಯರು ಹೇಳಿರಬಹುದು. ಅಲ್ಲ.

ನಮ್ಮ ಕಾಲೇಜಿನಿಂದ ಮಾಸ್ಟ್ರಿಗೆ ಕೆಲಸದ ಆರ್ಡರ್ ಹೋಯಿತು. ಅವರು ಬರಲಿಲ್ಲ. ಬಂದರೆ ಜೋಸ್ ಹೇಳಿದ್ದು ನಿಜವಾಗುತ್ತದಲ್ಲ. ಸುಳ್ಯದಲ್ಲೇ ಉಳಿದರು, ನಿವೃತ್ತಿಯವರೆಗೆ. ಶನಿವಾರ ಸಾಯಂಕಾಲದ ಬಸ್ಸಿನಲ್ಲಿ ಪುತ್ತೂರಿಗೆ ಬಂದು ಸೋಮವಾರ ಬೆಳಿಗ್ಗೆ ಹಿಂದೆ. ಗಂಡ ಹೆಂಡತಿ ಒಂದೇ ಒಲೆಯ ಊಟ ಸರಿಯಾಗಿ ಮಾಡಿದ್ದು ಇಬ್ಬರಿಗೂ ಪೆನ್ಶನ್ ಬಂದ ಮೇಲೆ.

ನಾನು ಶನಿವಾರ ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ಬಿಟ್ಟೆ. ಆದರೂ ಎಲ್ಲಾದರೂ ಎದುರಾಗುತ್ತಿದ್ದರು, ಕೈಯಲ್ಲಿ ಊರಿನ ಗೆಣಸಿನ ಚೀಲ. "ಎಂಚ ಉಲ್ಲರ್ ಬಾಬಣ್ಣ?" ಎಂದು ತುಳುವಿನಲ್ಲಿ ಸೌಖ್ಯ ವಿಚಾರಿಸಿ, ಚೀಲದಿಂದ ನಾಲ್ಕು ಗೆಣಸು ತೆಗೆದು ಕೊಟ್ಟೇ ಹೋಗುವುದು. ಬೇಡ ಎಂದರೆ ಕೇಳುತ್ತಿರಲಿಲ್ಲ. ಅವರು ಬೈದಿದ್ದರೆ, ಒಮ್ಮೆ ಸಂಶಯದಿಂದ ನೋಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕಳೆದ ವರ್ಷ ಅವರು ಇಲ್ಲಿನ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಮಂಚದ ತಲೆಭಾಗ ಎತ್ತಿ ಕೂರಿಸಿದ್ದರು. ಅದು ಇದು ಮಾತಾಡಿದೆವು. ಉರುಳಿ ಈಗ ಎಲ್ಲಿದೆ ಎಂದು ಕೇಳಿದರು. ಆಟದ ಸಾಮಾನಿನ ಕೋಣೆಯಲ್ಲಿದೆ ಎಂದೆ. ಅದರಲ್ಲಿ ಮೈದಾನಕ್ಕೆ ಗೆರೆ ಹಾಕುವ ಸುಣ್ಣ ಕಲಸುತ್ತಾರೆ ಎಂದು ಹೇಳಲಿಲ್ಲ.

ಆಮೇಲೆ ಅವರು ನಕ್ಕರು. "ನನಗೊಂದು ಲೆಕ್ಕ ಇನ್ನೂ ಆಗ್ಲಿಲ್ಲ ಬಾಬಣ್ಣ. ಜೋಸ್ ಸುಳ್ಳು ಹೇಳುವವ ಅಲ್ಲ. ನೀವೂ ಅಲ್ಲ. ಹಾಗಾದ್ರೆ ಆ ಚೆಂಡು ಎಲ್ಲಿಂದ ಹೋಯ್ತು ಮಾರಾಯ್ರೆ?"

ಒರಗಿದ್ದಲ್ಲಿಂದಲೇ ಸ್ವಲ್ಪ ಮುಂದಕ್ಕೆ ಬಾಗಿದ್ದರು.

ನಾನು ಬಾಯಿ ತೆರೆದದ್ದು ಹೌದು. ಅಷ್ಟರಲ್ಲಿ ಇಂಜೆಕ್ಷನ್ ಕೊಡಲಿಕ್ಕೆ ನರ್ಸ್ ಬಂದಳು. "ಅಜ್ಜ, ಸ್ವಲ್ಪ ಹೊರಗೆ ನಿಲ್ಲಿ," ಎಂದಳು. ನಾನು ಹೊರಗೆ ಬಂದೆ. ವರಾಂಡದಲ್ಲಿ ನಿಲ್ಲಲಿಲ್ಲ, ಮೆಟ್ಟಿಲು ಇಳಿದೆ, ರಸ್ತೆಗೆ ಬಂದೆ. ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ಬಲೆಯ ತೂತು ಬೆಳಿಗ್ಗೆ ಕಟ್ಟುತ್ತೇನೆ ಎಂದ ಹಾಗೆಯೇ. ಆ ವಾರದಲ್ಲೇ ಅವರು ಹೋದರು.

ನಿಮ್ಮ ಫೋನ್ ಬಂದ ಮೇಲೆ ನಾನು ಮಾಸ್ಟ್ರ ಮನೆಗೆ, ಸಿಸ್ಟರ್ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ, ಹಗ್ಗ, ಗಂಟು, ಎಲ್ಲ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು, ಕಾಯಿಲೆಯವರು ನೋವು ಹೇಳುವುದನ್ನು ಕೇಳುವ ಹಾಗೆ.

"ಬಸ್ಸಿನಲ್ಲಿ ಕೂತು ಕೂತು ಅವರ ಸೊಂಟ ಹೋಗಿತ್ತು," ಎಂದರು. "ನಾನು ಎಣ್ಣೆ ಹಾಕಿ ತಿಕ್ಕುವಾಗ ಕೇಳ್ತಿದ್ದೆ, ಎಂತಕ್ಕೆ ಇಷ್ಟು ಹಟ ನಿಮ್ಗೆ ಅಂತ. ಹಟ ಅಲ್ಲ ಮಾರಾಯ್ತಿ, ಆ ಹುಡುಗನಿಗೆ ನಾನೆಂತವ ಅಂತ ಗೊತ್ತಾಗ್ಲಿ ಅಂತ ಅವರು ಹೇಳ್ತಿದ್ರು."

ನಾನು ತಲೆ ತಗ್ಗಿಸಿ ಕೂತಿದ್ದೆ.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ ಬಾಬಣ್ಣ? ನಾನು ಆಟ ನೋಡಿದವಳಲ್ಲ. ನೆಲ್ಯಾಡಿಗೆ ಹೋಗಿ." ಕ್ಷಮಿಸಿದೆ ಎನ್ನಲಿಲ್ಲ. ನಾನು ಎದ್ದು ಮೆಟ್ಟಿಲಿಗೆ ಬಂದಾಗ ಹಿಂದಿನಿಂದ ಕೇಳಿದರು, "ಪಂದ್ಯ ಮಾಡ್ತಾರಂತಲ್ಲ, ಬಲೆ ಯಾರು ಕಟ್ಟುದು?"

"ಕಾಲೇಜಿನವರು."

"ನೀವೇ ಕಟ್ಟಿ. ನಾನು ಬರ್ತೇನೆ."

ಮರುದಿನವೇ ನೆಲ್ಯಾಡಿಗೆ ಹೋದೆ. ಹೈವೇ ಪಕ್ಕದಲ್ಲಿ ಜೋಸಿಗೆ ರಬ್ಬರ್ ಶೀಟ್ ತೆಗೆದುಕೊಳ್ಳುವ ಅಂಗಡಿ. ತಲೆ ಬೆಳ್ಳಗಾಗಿದೆ, ಮೊಣಕಾಲಿಗೆ ಪಟ್ಟಿ. ನನ್ನ ಗುರುತು ಸಿಕ್ಕಿದ ಕೂಡಲೇ, "ಓ, ಔಟ್ ಬಾಬಣ್ಣ!" ಎಂದು ನಕ್ಕರು. ಅಷ್ಟು ವರ್ಷ ಆ ಹೆಸರಿನಲ್ಲೇ ನೆನಪಿಟ್ಟಿದ್ದರು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಿಕ್ಕೆ ಆಗುವುದಿಲ್ಲ ಎಂದು ಹೆದರಿಕೆ.

ಅವರು ಕೆಲಸದವನಿಗೆ ತಕ್ಕಡಿ ನಿಲ್ಲಿಸಲು ಹೇಳಿದರು.

"ಗೋಲು ಹಾಳಾಗಿ ಹೋಗ್ಲಿ ಬಾಬಣ್ಣ. ನಾನು ಅವರಿಗೆ ಹೇಳಿದ ಮಾತು? ಅದನ್ನು ಎಲ್ಲಿಗೆ ಹಾಕುದು?"

ಅವರು ಮೇಜಿಗೆ ಕೈ ಊರಿದರು.

"ಮದುವೆಗೆ ಕರೀಲಿಲ್ಲ ನಾನು ಸಾರನ್ನು. ತೀರಿಹೋದ್ರು ಅಂತ ಗೊತ್ತಾದಾಗ ಅಜ್ಜಾವರಕ್ಕೂ ಹೋಗ್ಲಿಲ್ಲ. ಸಿಟ್ಟು ಇತ್ತು. ಸಿಟ್ಟು ಇದ್ದದ್ದೇ ಒಳ್ಳೆದಿತ್ತು. ಈಗ ನೀವು ಬಂದು ಅದನ್ನೂ ತೆಗೆದ್ರಿ."

ಪಂದ್ಯದ ದಿನ ಯಾವುದೆಂದು ಹೇಳಿದೆ. ಸಿಸ್ಟರ್ ಬರುತ್ತಾರೆ ಎಂದೂ ಹೇಳಿದೆ. ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ನಾನು ಬಸ್ಸಿಗೆ ಕಾಯುತ್ತಿದ್ದಷ್ಟು ಹೊತ್ತೂ ಅಂಗಡಿಯ ತಕ್ಕಡಿ ಖಾಲಿ ತೂಗುತ್ತಿತ್ತು.

ಟೀಚರ್, ಇದು ನೀವು ಕೇಳಿದ ಇತಿಹಾಸ. ಮೊಟಕು ಮಾಡದೆ ಹಾಕಿ. ಸ್ಥಳ ಸಾಲದಿದ್ದರೆ ಮೊದಲಿನ ಕಥೆ ತೆಗೆಯಿರಿ, ಬಲೆಯದ್ದು ತೆಗೆಯಬೇಡಿ. ಉರುಳಿಯನ್ನು ನಮ್ಮ ಕಾಲೇಜಿನಲ್ಲಿ ಕೇಳಿ ಮನೆಗೆ ತಂದಿದ್ದೇನೆ. ಹುಣಸೆಹುಳಿ ಹಾಕಿ ತಿಕ್ಕಿದೆ, ಸುಣ್ಣ ಹೋಗಿದೆ, ಹೊಳಪು ಇನ್ನೂ ಪೂರ್ತಿ ಬಂದಿಲ್ಲ. ಕೊನೆಯ ಪಂದ್ಯ ಸಮ ಎಂದು ಬರೆದುಕೊಳ್ಳಿ. ಸಮವಾದರೆ ಉರುಳಿ ಸುಳ್ಯದ್ದು. ನಾನೇ ಹೊತ್ತು ತರುತ್ತೇನೆ.

ಈಗಿನ ಬಲೆಗೆ ಕ್ಲಿಪ್ಪು ಬರುತ್ತದೆ, ಕಟ್ಟಲಿಕ್ಕೇನೂ ಇಲ್ಲ ಎಂದು ನೀವು ಮೊನ್ನೆ ಫೋನಿನಲ್ಲಿ ಹೇಳಿದಿರಿ. ಇರಲಿ. ಎಡಗಡೆಯ ಒಂದು ಬುಡವನ್ನು ನನಗೆ ಬಿಡಿ. ಬೆಳಿಗ್ಗೆಯೇ ಬಂದು ಕಟ್ಟುತ್ತೇನೆ. ಕಟ್ಟಿ ಆಯಿತಾ ಎಂದು ನನ್ನ ಹತ್ತಿರ ಕೇಳಬೇಡಿ. ಜೋಸ್ ಬಂದರೆ ಅವರು ಎಳೆದು ನೋಡಲಿ, ಬಾರದಿದ್ದರೆ ಸಿಸ್ಟರ್ ಎಳೆದು ನೋಡಲಿ. ಅಲ್ಲಿಯವರೆಗೆ ವಿಸಿಲ್ ಊದಬೇಡಿ.